ರಷ್ಯಾದ ಎಂಜಿನ್ ಬಿಚ್ಚಿ ನೋಡಿದ್ದರೆ ಸಾಕಿತ್ತೇ?

ಪ್ರಶ್ನೆ: ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್‌ಗಳು ನಮ್ಮ ಕೈಗೆ ಬಂದಿದ್ದವು ಎಂದು ಓದಿದ್ದೇನೆ. ಅವುಗಳಲ್ಲಿ ಒಂದನ್ನು ಬಿಚ್ಚಿ, ಅಳತೆ ತೆಗೆದುಕೊಂಡು, ಹಾಗೆಯೇ ಇನ್ನೊಂದನ್ನು ಮಾಡಲು ಇಪ್ಪತ್ತು ವರ್ಷ ಯಾಕೆ ಬೇಕಾಯಿತು? ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ಉರಿಯುವುದು ಹೈಸ್ಕೂಲಿನಲ್ಲೇ ಕಲಿಯುವ ಪಾಠವಲ್ಲವೇ? ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಈ ಕ್ಷೇತ್ರದಲ್ಲಿ ನಮ್ಮಂಥವರಿಗೆ ಕೆಲಸವಿದೆಯೇ?
(ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ)

ಉತ್ತರ: ಕ್ರಯೋಜೆನಿಕ್ ಎಂಜಿನ್ ಎಂದರೆ ಅತಿ ತಣ್ಣಗಿನ ದ್ರವ ಹೈಡ್ರೋಜನ್ ಮತ್ತು ದ್ರವ ಆಕ್ಸಿಜನ್ ಉರಿಸುವ ರಾಕೆಟ್ ಎಂಜಿನ್. ಉರಿಸುವುದು ಕಷ್ಟವಲ್ಲ ಎಂಬ ನಿಮ್ಮ ಮಾತು ಸರಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಒಂದೆಡೆ ಸೇರಿದರೆ ಒಂದು ಕಿಡಿ ಸಾಕು. ಕಷ್ಟವಿರುವುದು ಅದಕ್ಕಿಂತ ಮುಂಚೆ. ಶೂನ್ಯಕ್ಕಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಹೈಡ್ರೋಜನನ್ನು ದಾರಿಯಲ್ಲಿ ಕುದಿಯಲು ಬಿಡದೆ, ಸರಿಯಾದ ಒತ್ತಡದಲ್ಲಿ, ಸರಿಯಾದ ಗಳಿಗೆಯಲ್ಲಿ ಎಂಜಿನ್‌ಗೆ ಮುಟ್ಟಿಸಬೇಕು. ನಮ್ಮ ದೇಶೀಯ ಕ್ರಯೋಜೆನಿಕ್ ಹಂತ (ಎಂಜಿನ್ ಮತ್ತು ಅದರ ಟ್ಯಾಂಕುಗಳು ಸೇರಿದ ರಾಕೆಟ್ಟಿನ ಮೇಲ್ಭಾಗ) ಎರಡು ಬಾರಿ ಕೈಕೊಟ್ಟಿದೆ, 2010ರಲ್ಲಿ ಮತ್ತು 2021ರಲ್ಲಿ. ಎರಡು ಸಲವೂ ಸೋತದ್ದು ಹೈಡ್ರೋಜನ್ ಒದಗಿಸುವ ವ್ಯವಸ್ಥೆ. ನಿಮ್ಮ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಅಲ್ಲೇ ಇದೆ.

ಇಷ್ಟು ತೊಂದರೆ ಕೊಡುವ ಇಂಧನದ ಹಿಂದೆ ಎಲ್ಲ ದೇಶಗಳೂ ಯಾಕೆ ಬೀಳುತ್ತವೆ ಎಂಬುದನ್ನು ಮೊದಲು ನೋಡೋಣ. ರಾಕೆಟ್ಟಿನ ಶಕ್ತಿಯನ್ನು ನಿರ್ಧರಿಸುವುದು ನಾಜಲ್‌ನಿಂದ, ಅಂದರೆ ಎಂಜಿನ್‌ನ ಬಾಯಿಯಿಂದ, ಹೊರಬೀಳುವ ಅನಿಲದ ವೇಗ. ಘನ ಇಂಧನದಲ್ಲಿ ಅದು ಸೆಕೆಂಡಿಗೆ ಸುಮಾರು 2.6 ಕಿ.ಮೀ. ನಮ್ಮ ವಿಕಾಸ್ ಎಂಜಿನ್‌ನಂಥ, ಸಾಮಾನ್ಯ ತಾಪಮಾನದಲ್ಲೇ ದ್ರವವಾಗಿ ಉಳಿಯುವ ಇಂಧನ ಬಳಸುವ ಎಂಜಿನ್‌ಗಳಲ್ಲಿ 2.9 ಕಿ.ಮೀ. ಆಸುಪಾಸು. ಹೈಡ್ರೋಜನ್ ಮತ್ತು ಆಕ್ಸಿಜನ್ ಜೋಡಿಯಲ್ಲಿ ಅದು 4.4 ಕಿ.ಮೀ. ತಲುಪುತ್ತದೆ. ರಾಕೆಟ್ ಸಮೀಕರಣದಲ್ಲಿ ಈ ವೇಗ ಘಾತಾಂಕದೊಳಗೆ ಕೂತಿರುವುದರಿಂದ ಸಣ್ಣ ವ್ಯತ್ಯಾಸವೂ ದೊಡ್ಡ ಲಾಭ ಕೊಡುತ್ತದೆ. ಭಾರದ ಉಪಗ್ರಹಗಳನ್ನು ಒಯ್ಯುವ ನಮ್ಮ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಉಪಗ್ರಹ ಕೊನೆಗೆ ಪಡೆಯುವ ವೇಗದಲ್ಲಿ ಸುಮಾರು ಅರ್ಧವನ್ನು ಕೊಡುವುದು ಕ್ರಯೋಜೆನಿಕ್ ಹಂತವೊಂದೇ. ರಾಕೆಟ್ಟಿನ ಒಟ್ಟು ತೂಕ 400 ಟನ್‌ಗೂ ಹೆಚ್ಚು. ಈ ಹಂತದ ನೋದಕ (ಹೈಡ್ರೋಜನ್, ಆಕ್ಸಿಜನ್ ಎರಡೂ ಸೇರಿ) ಬರೀ 12.5 ಟನ್ ಚಿಲ್ಲರೆ.

ನೀವು ಭೌತಶಾಸ್ತ್ರದವರಾದ್ದರಿಂದ ಇದನ್ನೂ ಹೇಳಬೇಕು. ಎರಡೂ ಪೂರ್ತಿ ಉರಿದು ನೀರಾಗಬೇಕಾದರೆ ತೂಕದಲ್ಲಿ ಒಂದು ಪಾಲು ಹೈಡ್ರೋಜನ್‌ಗೆ ಎಂಟು ಪಾಲು ಆಕ್ಸಿಜನ್ ಬೇಕು. ಎಂಜಿನ್‌ಗಳಲ್ಲಿ ಕೊಡುವುದು ಐದು ಅಥವಾ ಆರು ಪಾಲು ಮಾತ್ರ. ಉರಿಯದೆ ಉಳಿದ ಹೈಡ್ರೋಜನ್ ಹೊರಬೀಳುವ ಅನಿಲದ ಸರಾಸರಿ ಅಣುತೂಕವನ್ನು ತಗ್ಗಿಸುತ್ತದೆ, ಹಗುರ ಅನಿಲ ಹೆಚ್ಚು ವೇಗದಲ್ಲಿ ಹೊರಹೋಗುತ್ತದೆ. ಪೂರ್ತಿ ಉರಿಸಿದ್ದರೆ ಬಿಸಿ ಹೆಚ್ಚಾಗುತ್ತಿತ್ತು, ವೇಗ ಕಡಿಮೆಯಾಗುತ್ತಿತ್ತು.

ಈಗ ಈ ದ್ರವದ ಸ್ವಭಾವಕ್ಕೆ ಬರೋಣ. ಒಂದು ಲೀಟರ್ ದ್ರವ ಹೈಡ್ರೋಜನ್ ತೂಗುವುದು 71 ಗ್ರಾಂ. ಹಾಗಾಗಿ ಟ್ಯಾಂಕ್ ದೊಡ್ಡದಾಗಲೇಬೇಕು, ದೊಡ್ಡದಾದರೂ ಹಗುರವಿರಬೇಕು. ಜಿಎಸ್‌ಎಲ್‌ವಿಗಿಂತ ದೊಡ್ಡದಾದ ನಮ್ಮ ಎಲ್‌ವಿಎಂ3 ರಾಕೆಟ್ಟಿನ ಕ್ರಯೋಜೆನಿಕ್ ಹಂತಕ್ಕಾಗಿ ಬೆಂಗಳೂರಿನ ಎಚ್‌ಎಎಲ್ 2020ರಲ್ಲಿ ಮಾಡಿಕೊಟ್ಟ ಹೈಡ್ರೋಜನ್ ಟ್ಯಾಂಕನ್ನು ನೋಡಿ. ನಾಲ್ಕು ಮೀಟರ್ ವ್ಯಾಸ, ಎಂಟು ಮೀಟರ್ ಉದ್ದ, ಹಿಡಿಸುವುದು ಆರು ಟನ್‌ಗೂ ಕಡಿಮೆ ಹೈಡ್ರೋಜನ್. ಅಲ್ಯೂಮಿನಿಯಂ ಮಿಶ್ರಲೋಹದ ಆ ಟ್ಯಾಂಕಿನಲ್ಲಿ ವೆಲ್ಡಿಂಗ್ ಮಾಡಿದ ಉದ್ದವೆಲ್ಲ ಸೇರಿ 115 ಮೀಟರ್. ಅದರ ಒಂದೊಂದು ಇಂಚನ್ನೂ ಎಕ್ಸ್‌ರೇ ತೆಗೆದು, ಬಣ್ಣ ಹಚ್ಚಿ, ಸೋರಿಕೆ ಹಿಡಿದು ಪರೀಕ್ಷಿಸಿದ್ದಾರೆ. ಕಣ್ಣಿಗೆ ಕಾಣದ ರಂಧ್ರದಲ್ಲೂ ನುಸುಳಿಕೊಂಡು ಹೋಗುವ ಅಣು ಇದು.

ಹೈಡ್ರೋಜನ್ ಅನಿಲವನ್ನು ತಂಪು ಮಾಡಿ ದ್ರವವಾಗಿಸಿ ಟ್ಯಾಂಕಿಗೆ ತುಂಬಿದರೆ ಕೆಲಸ ಮುಗಿಯುವುದಿಲ್ಲ. ಸಾಮಾನ್ಯ ತಾಪಮಾನದಲ್ಲಿ ಹೈಡ್ರೋಜನ್ ಅಣುಗಳಲ್ಲಿ ಮುಕ್ಕಾಲು ಪಾಲು ಆರ್ಥೋ, ಕಾಲು ಪಾಲು ಪ್ಯಾರಾ. ಎರಡು ಪ್ರೋಟಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಆರ್ಥೋ, ವಿರುದ್ಧ ದಿಕ್ಕಿಗಿದ್ದರೆ ಪ್ಯಾರಾ. 20 ಕೆಲ್ವಿನ್‌ನಲ್ಲಿ, ಅಂದರೆ ಅದೇ ಮೈನಸ್ 253 ಡಿಗ್ರಿಯಲ್ಲಿ, ಬಹುತೇಕ ಎಲ್ಲವೂ ಪ್ಯಾರಾ ಆಗಲು ಬಯಸುತ್ತವೆ, ಆ ಬದಲಾವಣೆಯಲ್ಲಿ ಶಾಖ ಹೊರಬರುತ್ತದೆ. ಆ ಶಾಖ ದ್ರವವನ್ನು ಆವಿಯಾಗಿಸಲು ಬೇಕಾದ ಶಾಖಕ್ಕಿಂತಲೂ ಹೆಚ್ಚು. ಅಂದರೆ ಎಷ್ಟೇ ಒಳ್ಳೆಯ ನಿರೋಧಕ ಪದರ ಸುತ್ತಿದರೂ ಹೊರಗಿನ ಬಿಸಿ ಬೇಕಿಲ್ಲ, ದ್ರವ ತನ್ನ ಒಳಗಿನಿಂದಲೇ ಕುದ್ದು ಖಾಲಿಯಾಗುತ್ತದೆ. ಅದಕ್ಕಾಗಿ ದ್ರವೀಕರಿಸುವ ಸ್ಥಾವರದಲ್ಲೇ ವೇಗವರ್ಧಕದ ಮೂಲಕ ಹಾಯಿಸಿ ಅದನ್ನು ಪ್ಯಾರಾ ರೂಪಕ್ಕೆ ತಿರುಗಿಸಿಕೊಳ್ಳುತ್ತಾರೆ. ಕ್ವಾಂಟಂ ಭೌತಶಾಸ್ತ್ರ ಕಾರ್ಖಾನೆಯ ಕೊಳವೆಯೊಳಗೆ ದಿನವೂ ದುಡಿಯುವ ಇಂಥ ಜಾಗಗಳು ಅಪರೂಪ. ನನಗೆ ಇಂದಿಗೂ ಇದು ಬೆರಗು ಹುಟ್ಟಿಸುತ್ತದೆ.

ಇನ್ನು ಶುದ್ಧತೆ. 63 ಕೆಲ್ವಿನ್‌ಗೆ ಸಾರಜನಕ ಗಟ್ಟಿಯಾಗುತ್ತದೆ, 54ಕ್ಕೆ ಆಮ್ಲಜನಕವೂ ಗಟ್ಟಿ. ಕೊಳವೆಯಲ್ಲಿ ಸ್ವಲ್ಪ ಗಾಳಿ ಉಳಿದಿದ್ದರೂ ದ್ರವ ಹೈಡ್ರೋಜನ್ ಬಂದಾಗ ಅದು ಹರಳಾಗಿ ವಾಲ್ವ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹೈಡ್ರೋಜನ್‌ನೊಳಗೆ ಆಮ್ಲಜನಕದ ಹರಳು ಇದ್ದರೆ ಸ್ಫೋಟದ ಅಪಾಯ ಬೇರೆ. ಆ ಚಳಿಯಲ್ಲೂ ಅನಿಲವಾಗಿಯೇ ಉಳಿಯುವುದು ಹೀಲಿಯಂ ಒಂದೇ. ಆದ್ದರಿಂದ ಎಲ್ಲ ಕೊಳವೆಗಳನ್ನೂ ಹೀಲಿಯಂ ಹಾಯಿಸಿ ಶುದ್ಧ ಮಾಡಬೇಕು.

ಇಷ್ಟು ಗೊತ್ತಾದ ಮೇಲೆ ರಷ್ಯಾದ ಕತೆ. 1991ರ ಜನವರಿಯಲ್ಲಿ ಇಸ್ರೋ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. 235 ಕೋಟಿ ರೂಪಾಯಿಗೆ ಎರಡು ಕ್ರಯೋಜೆನಿಕ್ ಹಂತಗಳು ಮತ್ತು, ಮುಖ್ಯವಾಗಿ, ಅವನ್ನು ತಯಾರಿಸುವ ತಂತ್ರಜ್ಞಾನ ಸಿಗಬೇಕಿತ್ತು. 1992ರ ಮೇ ತಿಂಗಳಲ್ಲಿ ಅಮೆರಿಕ, ಇದು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಪ್ಪಂದದ ಉಲ್ಲಂಘನೆ ಎಂದು ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. ತುಂಬಲು ಗಂಟೆಗಟ್ಟಲೆ ಬೇಕಾಗುವ, ತುಂಬಿದ ಮೇಲೆ ಕುದ್ದು ಹೋಗುತ್ತಲೇ ಇರುವ ಇಂಧನ ಯಾವ ಕ್ಷಿಪಣಿಗೂ ಒಗ್ಗುವುದಿಲ್ಲ. ಈ ವಿಷಯ ಬಲ್ಲವರಿಗೆಲ್ಲ ಅದು ಆಗಲೂ ತಿಳಿದಿತ್ತು. ಅದು ನ್ಯಾಯದ ನಿರ್ಧಾರವಾಗಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿಯಿತು. ಬದಲಿಗೆ ಸಿದ್ಧ ಹಂತಗಳ ಸಂಖ್ಯೆ ಹೆಚ್ಚಿತು, ಕೊನೆಗೆ ಏಳು ಬಂದವು.

ಅವುಗಳೊಳಗಿದ್ದ ಕೆವಿಡಿ-1 ಎಂಜಿನ್‌ನ ಮೂಲ 1960ರ ದಶಕದ್ದು. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಲು ಸೋವಿಯತ್ ಒಕ್ಕೂಟ ಕಟ್ಟುತ್ತಿದ್ದ ಎನ್1 ರಾಕೆಟ್ಟಿಗಾಗಿ ಅದನ್ನು ರೂಪಿಸಿದ್ದರು. ಆ ಯೋಜನೆ ನಿಂತುಹೋಯಿತು, ಎಂಜಿನ್ ಹಾರಲೇ ಇಲ್ಲ. ಅದು ಮೊದಲು ಹಾರಿದ್ದು 2001ರ ಏಪ್ರಿಲ್ 18ರಂದು, ಶ್ರೀಹರಿಕೋಟಾದಿಂದ, ನಮ್ಮ ಜಿಎಸ್‌ಎಲ್‌ವಿಯ ನೆತ್ತಿಯ ಮೇಲೆ.

ಹಾಗಾದರೆ ನಕಲು ಮಾಡಲಿಲ್ಲವೇ? ವಿನ್ಯಾಸದ ಮಟ್ಟಿಗೆ ನಾವು ಹೊರಟದ್ದೇ ಅಲ್ಲಿಂದ. 1994ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟ ದೇಶೀಯ ಯೋಜನೆಯಿಂದ ಬಂದ ಸಿಇ-7.5 ಎಂಜಿನ್ ನೂಕುಬಲದಲ್ಲಿ, ದಹನಚಕ್ರದಲ್ಲಿ (ಪಂಪ್ ತಿರುಗಿಸಿದ ಅನಿಲವನ್ನು ಬಳಸುವ ಬಗೆಯಲ್ಲಿ), ಪಕ್ಕದಲ್ಲಿ ಎರಡು ಪುಟ್ಟ ಸ್ಟಿಯರಿಂಗ್ ಎಂಜಿನ್‌ಗಳನ್ನು ಇಟ್ಟುಕೊಂಡಿರುವುದರಲ್ಲಿ ಕೆವಿಡಿ-1ನ್ನೇ ಹೋಲುತ್ತದೆ. ಹೊಸದಾಗಿ ಯೋಚಿಸಿ ಸಮಯ ಕಳೆದರು ಎನ್ನುವ ಹಾಗಿಲ್ಲ. ನಕ್ಷೆಯ ರೂಪ ಗೊತ್ತಿದ್ದೂ ಇಪ್ಪತ್ತು ವರ್ಷ ಹಿಡಿಯಿತು. ಯಾಕೆಂದರೆ ಬಿಚ್ಚಿ ಅಳತೆ ತೆಗೆಯುವುದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂಜಿನ್ ಕೆಲಸ ಮಾಡುವುದು ಮೈನಸ್ 253ರಲ್ಲಿ. ಕೋಣೆಯ ತಾಪಮಾನದಿಂದ 20 ಕೆಲ್ವಿನ್‌ಗೆ ಇಳಿದರೆ ಒಂದು ಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ, ಅಲ್ಯೂಮಿನಿಯಂ 4 ಮಿಲಿಮೀಟರ್ ಚಿಲ್ಲರೆ. ಒಂದರೊಳಗೆ ಒಂದು ತಿರುಗುವ ಎರಡು ಬೇರೆ ಬೇರೆ ಲೋಹದ ಭಾಗಗಳ ನಡುವೆ ಕೂದಲೆಳೆಯಷ್ಟು ಸಂದು ಇದೆ ಎಂದುಕೊಳ್ಳಿ. ಮೇಜಿನ ಮೇಲೆ ಅಳೆದಾಗ ಇರುವ ಸಂದು ಚಳಿಯಲ್ಲಿ ಇರುವುದಿಲ್ಲ. ಚಳಿಯಲ್ಲಿ ಎಷ್ಟಿರಬೇಕೆಂದು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿಸಿಯಲ್ಲಿ ಎಷ್ಟಿಡಬೇಕೆಂದು ಕಂಡುಕೊಳ್ಳಬೇಕು. ಆ ಲೆಕ್ಕಕ್ಕೆ ನಮ್ಮದೇ ಉಕ್ಕಿನ, ನಮ್ಮದೇ ವೆಲ್ಡಿಂಗಿನ ಗುಣಗಳು ಬೇಕು. ರಷ್ಯಾದ ಲೋಹದ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪಂಪಿನೊಳಗಿನ ಬೇರಿಂಗ್‌ಗಳಿಗೆ ಎಣ್ಣೆ ಹಾಕುವಂತಿಲ್ಲ, ಎಣ್ಣೆ ಕಲ್ಲಾಗುತ್ತದೆ. ದ್ರವ ಹೈಡ್ರೋಜನ್ನೇ ಅವನ್ನು ತಂಪಾಗಿಡಬೇಕು. ಸಿಇ-7.5ರ ಮುಖ್ಯ ಟರ್ಬೋಪಂಪ್ ನಿಮಿಷಕ್ಕೆ ಸುಮಾರು 40,000 ಸುತ್ತು ತಿರುಗುತ್ತದೆ. ಅದನ್ನು ತಿರುಗಿಸುವ ಟರ್ಬೈನ್‌ಗೆ ಬಡಿಯುವುದು ಬಿಸಿ ಅನಿಲ, ಪಂಪಿನ ಚಕ್ರಕ್ಕೆ ತಾಗುವುದು 20 ಕೆಲ್ವಿನ್ ದ್ರವ, ನಡುವಿನ ಅಂತರ ಗೇಣಿನ ಲೆಕ್ಕದಲ್ಲಿ. ಇಂಥ ಬಿಡಿಭಾಗವನ್ನು ಬಿಚ್ಚಿ ನೋಡಿದರೆ ಆಕಾರ ತಿಳಿಯುತ್ತದೆ. ಯಾವ ಶಾಖೋಪಚಾರ ಕೊಟ್ಟರು, ಯಾವ ಕ್ರಮದಲ್ಲಿ ಬೆಸೆದರು, ಎಷ್ಟು ಭಾಗಗಳನ್ನು ಹಾಳೆಂದು ಎಸೆದು ಇದೊಂದನ್ನು ಆರಿಸಿದರು ಎಂಬುದು ತಿಳಿಯುವುದಿಲ್ಲ.

ಕೆಲಸ ಶುರುವಾಗುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಕ್ರಯೋಜೆನಿಕ್ ಯೋಜನೆಯ ಹೊಣೆ ಹೊತ್ತಿದ್ದ ನಂಬಿ ನಾರಾಯಣನ್ ಅವರನ್ನು 1994ರ ಕೊನೆಯಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಲಾಯಿತು. ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇದರಿಂದ ಎಂಜಿನ್ ಇಷ್ಟೇ ವರ್ಷ ತಡವಾಯಿತು ಎಂದು ಲೆಕ್ಕ ಕೊಡಲು ಯಾರಿಗೂ ಆಗದು. ಆದರೆ ಅನುಭವಿ ಮುಖ್ಯಸ್ಥರೊಬ್ಬರನ್ನು ಹಾಗೆ ಕಳೆದುಕೊಂಡ ತಂಡದ ಸ್ಥಿತಿಯನ್ನು ಊಹಿಸಬಹುದು.

ಎಂಜಿನ್ ಚಾಲೂ ಆಗುವ ಗಳಿಗೆಯನ್ನು ಈಗ ಹತ್ತಿರದಿಂದ ನೋಡೋಣ. ಕೋಣೆಯ ತಾಪಮಾನದಲ್ಲಿರುವ ಕೊಳವೆಗೆ ಅತಿ ತಣ್ಣನೆಯ ದ್ರವ ಬಿಟ್ಟರೆ ಅದು ಮುಂದಕ್ಕೆ ಹರಿಯುವುದೇ ಇಲ್ಲ. ಕಾದ ಕಾವಲಿಯ ಮೇಲೆ ಬಿದ್ದ ನೀರಿನ ಹನಿ ತನ್ನದೇ ಆವಿಯ ಮೇಲೆ ಓಡಾಡುತ್ತದಲ್ಲ, ಅದೇ ಇಲ್ಲೂ ಆಗುತ್ತದೆ. ಗೋಡೆಗೂ ದ್ರವಕ್ಕೂ ನಡುವೆ ಆವಿಯ ಪೊರೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ದ್ರವ ಸಾರಜನಕವನ್ನು ಉದ್ದನೆಯ ಉಕ್ಕಿನ ಕೊಳವೆಗೆ ಬಿಡುವಾಗ ಇದನ್ನು ಕಿವಿಯಲ್ಲೇ ಕೇಳಬಹುದು. ಮೊದಲು ಬರೀ ಬುಸುಗುಟ್ಟುವ ಆವಿ, ಬಳಿಕ ಕೊಳವೆ ತಡೆದು ತಡೆದು ಉಗುಳುತ್ತದೆ, ಹೊರಮೈಯಲ್ಲಿ ಹಿಮ ಕಟ್ಟುತ್ತಾ ಮುಂದಕ್ಕೆ ಸರಿಯುತ್ತದೆ, ಕೊನೆಗೆ ಸದ್ದು ಇದ್ದಕ್ಕಿದ್ದಂತೆ ಬದಲಾಗಿ ದ್ರವದ ಧಾರೆ ಬರುತ್ತದೆ. ಎಂಜಿನ್‌ನಲ್ಲೂ ಚಾಲೂ ಮಾಡುವ ಮೊದಲು ಕೊಳವೆ, ಪಂಪು, ವಾಲ್ವ್ ಎಲ್ಲವನ್ನೂ ಹೀಗೆ ತಂಪಾಗಿಸಬೇಕು. ತಂಪು ಸಾಲದಿದ್ದರೆ ಪಂಪಿಗೆ ದ್ರವದ ಬದಲು ಗುಳ್ಳೆಗಳು ಹೋಗುತ್ತವೆ. ಗುಳ್ಳೆಯನ್ನು ತಳ್ಳುವ ಪಂಪಿಗೆ ಎದುರುಬಲವಿಲ್ಲ, ವೇಗ ಹದ ತಪ್ಪುತ್ತದೆ.

ಈ ತೊಂದರೆ ತಗ್ಗಿಸಲೆಂದು ಹೈಡ್ರೋಜನ್ ಟ್ಯಾಂಕಿನ ಒಳಗೇ ಒಂದು ಸಣ್ಣ ಬೂಸ್ಟರ್ ಟರ್ಬೋಪಂಪ್ ಕೂರಿಸಿದ್ದಾರೆ. ಮುಖ್ಯ ಪಂಪಿಗೆ ಹೋಗುವ ದ್ರವದ ಒತ್ತಡವನ್ನು ಅದು ಮೊದಲೇ ಏರಿಸಿ ಕೊಡುತ್ತದೆ. 2007ರ ನವೆಂಬರ್‌ನಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಡೀ ಹಂತ ಪೂರ್ತಿ 720 ಸೆಕೆಂಡ್ ಉರಿದು ತೋರಿಸಿತ್ತು. 2010ರ ಏಪ್ರಿಲ್ 15ರಂದು ಜಿಎಸ್‌ಎಲ್‌ವಿ-ಡಿ3 ಮೇಲೇರಿತು. ಮೊದಲೆರಡು ಹಂತಗಳು ಸರಿಯಾಗಿ ಕೆಲಸ ಮಾಡಿದವು. ಕ್ರಯೋಜೆನಿಕ್ ಎಂಜಿನ್ ಹೊತ್ತಿಕೊಂಡಿತು ಕೂಡ. ಬೂಸ್ಟರ್ ಪಂಪ್ ನಿಮಿಷಕ್ಕೆ 34,800 ಸುತ್ತಿಗೆ ಏರಿತು. 0.9 ಸೆಕೆಂಡಿನ ಬಳಿಕ ಅದರ ವೇಗ ಇಳಿಯತೊಡಗಿತು, ಮುಂದಿನ 0.6 ಸೆಕೆಂಡಿನಲ್ಲಿ ನಿಂತೇಹೋಯಿತು. ಹೈಡ್ರೋಜನ್ ಬರುವುದು ನಿಂತಿತು, ಜಿಸ್ಯಾಟ್-4 ಉಪಗ್ರಹ ಸಮುದ್ರದ ಪಾಲಾಯಿತು.

ತನಿಖೆ ಎರಡು ಸಾಧ್ಯತೆಗಳನ್ನು ಮುಂದಿಟ್ಟಿತು. ಒಂದು ಸೀಲ್ ಇರುವ ಜಾಗದಲ್ಲಿ ತಿರುಗುವ ಭಾಗ ಕಚ್ಚಿಕೊಂಡಿರಬೇಕು, ಇಲ್ಲವೇ ಒತ್ತಡ ಹಾಗೂ ತಾಪದ ಏರುಪೇರಿನಿಂದ ಟರ್ಬೈನ್ ಹೊದಿಕೆ ಒಡೆದಿರಬೇಕು. ಮೊದಲನೆಯದು ನಾನು ಮೇಲೆ ಹೇಳಿದ ಸಂದಿನ ಮಾತೇ. ಆ ಬಳಿಕ ಬೂಸ್ಟರ್ ಪಂಪಿನ ವಿನ್ಯಾಸವನ್ನು ತಿದ್ದಿದರು. ಅದಕ್ಕಿಂತ ದೊಡ್ಡ ಪಾಠ ಪರೀಕ್ಷೆಯ ವಿಧಾನದ್ದು. ನೆಲದ ಮೇಲೆ ಗಾಳಿಯ ಒತ್ತಡವಿದೆ, ಎಂಜಿನ್ ಹೊತ್ತಿಕೊಳ್ಳಬೇಕಾದ ಎತ್ತರದಲ್ಲಿ ನಿರ್ವಾತ. ಮಹೇಂದ್ರಗಿರಿಯಲ್ಲಿ ಎತ್ತರದ ನಿರ್ವಾತವನ್ನು ಕೃತಕವಾಗಿ ಉಂಟುಮಾಡುವ ಪರೀಕ್ಷಾಕೇಂದ್ರದಲ್ಲಿ 2013ರಲ್ಲಿ ಎಂಜಿನ್ ಹೊತ್ತಿಸಿ ನೋಡಿದರು. 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5, ಜಿಸ್ಯಾಟ್-14ನ್ನು ಕಕ್ಷೆಗೆ ಸೇರಿಸಿತು. ಆ ಹಾರಾಟಕ್ಕೆ ಕೊಡುವ ಶ್ರೇಯದಲ್ಲಿ ದೊಡ್ಡ ಪಾಲು ನಿರ್ವಾತ ಪರೀಕ್ಷೆಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತು ವರ್ಷ ಬಹಳವಾಯಿತು ಎನ್ನುವವರು ಬೇರೆಯವರ ದಾರಿಯನ್ನೂ ನೋಡಬೇಕು. ಅಮೆರಿಕದ ಮೊದಲ ಹೈಡ್ರೋಜನ್ ಹಂತ ಸೆಂಟಾರ್, 1962ರ ಮೊದಲ ಹಾರಾಟದಲ್ಲೇ ಒಡೆದುಹೋಯಿತು. ಯುರೋಪಿನ ಏರಿಯಾನ್ ರಾಕೆಟ್ಟಿನ ಮೂರನೇ ಹಂತದ ಎಂಜಿನ್ 1985 ಮತ್ತು 1986ರಲ್ಲಿ ಹೊತ್ತಿಕೊಳ್ಳದೆ ಉಪಗ್ರಹಗಳು ನಷ್ಟವಾದವು. ಜಪಾನ್ ಕತೆ ಇನ್ನೂ ಪಾಠದಂತಿದೆ. 1999ರ ನವೆಂಬರ್‌ನಲ್ಲಿ ಎಚ್-2 ರಾಕೆಟ್ಟಿನ ಮೊದಲ ಹಂತದ ಎಂಜಿನ್ ನಡುವೆಯೇ ನಿಂತಿತು. ಅವರು ಪೆಸಿಫಿಕ್ ಸಾಗರದಲ್ಲಿ ಸುಮಾರು 3,000 ಮೀಟರ್ ಆಳದಿಂದ ಎಂಜಿನ್ ಮೇಲೆತ್ತಿ, ಹೈಡ್ರೋಜನ್ ಪಂಪಿನ ಬಾಯಲ್ಲಿರುವ ರೆಕ್ಕೆಯೊಂದು ಗುಳ್ಳೆಗಳ ಹೊಡೆತಕ್ಕೆ ಅದುರಿ ಅದುರಿ ಮುರಿದದ್ದನ್ನು ಕಂಡುಹಿಡಿದರು. ಅಲ್ಲೂ ಹೈಡ್ರೋಜನ್ ಪಂಪೇ.

ಎಲ್‌ವಿಎಂ3 ರಾಕೆಟ್ಟಿಗಾಗಿ ನಮ್ಮ ಎರಡನೇ ಎಂಜಿನ್ ಸಿಇ-20 ಬಂದಾಗ ಇಸ್ರೋ ಜಾಣ ನಿರ್ಧಾರ ಮಾಡಿತು. ಸಿಇ-7.5ರಲ್ಲಿ ಟರ್ಬೈನ್ ತಿರುಗಿಸಿದ ಅನಿಲವೇ ಮುಖ್ಯ ದಹನಕೋಣೆಗೆ ಹೋಗಿ ಮತ್ತೆ ಉರಿಯುತ್ತದೆ. ಇಂಧನದ ಒಂದು ಹನಿಯೂ ವ್ಯರ್ಥವಾಗುವುದಿಲ್ಲ, ಆದರೆ ಎಲ್ಲ ಭಾಗಗಳೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬಿಡಿಯಾಗಿ ಪರೀಕ್ಷಿಸುವುದು ಕಷ್ಟ. ಸಿಇ-20ರಲ್ಲಿ ಗ್ಯಾಸ್ ಜನರೇಟರ್ ಚಕ್ರ ಆರಿಸಿಕೊಂಡರು. ಟರ್ಬೈನ್‌ನ ಅನಿಲ ಹೊರಕ್ಕೆ ಹೋಗುತ್ತದೆ, ದಕ್ಷತೆ ಸ್ವಲ್ಪ ಕಡಿಮೆ. ಅದಕ್ಕೆ ಬದಲಾಗಿ ಪಂಪು, ಗ್ಯಾಸ್ ಜನರೇಟರ್, ದಹನಕೋಣೆ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಪಳಗಿಸಬಹುದು. ನೂಕುಬಲ ಸುಮಾರು 20 ಟನ್. ಇದು ಯಾರ ನಕಲೂ ಅಲ್ಲ, ಪೂರ್ತಿ ನಮ್ಮ ವಿನ್ಯಾಸ. 2015ರಲ್ಲಿ ಮಹೇಂದ್ರಗಿರಿಯಲ್ಲಿ 800 ಸೆಕೆಂಡ್ ಉರಿಯಿತು, 2017ರ ಜೂನ್ 5ರ ಮೊದಲ ಹಾರಾಟದಲ್ಲೇ ಗೆದ್ದಿತು. ಚಂದ್ರಯಾನ-2 ಮತ್ತು 3 ಎರಡನ್ನೂ ಕಳಿಸಿಕೊಟ್ಟದ್ದು ಇದೇ ಎಂಜಿನ್. ಗಗನಯಾನಕ್ಕೆ, ಅಂದರೆ ಮನುಷ್ಯರನ್ನು ಹೊತ್ತೊಯ್ಯಲು, ಅರ್ಹತೆ ಪಡೆಯುವ ಪರೀಕ್ಷೆಗಳು 2024ರ ಫೆಬ್ರವರಿಯಲ್ಲಿ ಮುಗಿದವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 208 ಕೋಟಿ ರೂಪಾಯಿಯ ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕವನ್ನು 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು.

ಹಾಗೆಂದು ಹಳೆಯ ಎಂಜಿನ್ ಪೂರ್ತಿ ಪಳಗಿತು ಎಂದುಕೊಳ್ಳುವಾಗಲೇ 2021ರ ಆಗಸ್ಟ್ 12 ಬಂತು. ಜಿಎಸ್‌ಎಲ್‌ವಿ-ಎಫ್10ರ ಕ್ರಯೋಜೆನಿಕ್ ಹಂತ ಕೆಲಸ ಮಾಡಲಿಲ್ಲ. ಈ ಸಲ ಪಂಪಿನದು ತಪ್ಪಿರಲಿಲ್ಲ. ಹೈಡ್ರೋಜನ್ ಟ್ಯಾಂಕಿನಲ್ಲಿ ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ವಾಲ್ವ್ ಸೋರಿತ್ತು. ಟ್ಯಾಂಕಿನಲ್ಲಿ ಒತ್ತಡ ಸಾಲಲಿಲ್ಲ, ಒತ್ತಡ ಸಾಲದ್ದರಿಂದ ಅದೇ ಬೂಸ್ಟರ್ ಪಂಪ್ ಹದ ತಪ್ಪಿತು, ಎಂಜಿನ್‌ಗೆ ಹೈಡ್ರೋಜನ್ ಸಾಕಷ್ಟು ಮುಟ್ಟಲಿಲ್ಲ. ತನಿಖೆಯ ಬೆರಳು ನೆಟ್ಟದ್ದು ಆ ವಾಲ್ವ್‌ನ ಮೆತ್ತನೆಯ ಸೀಲ್ ಮೇಲೆ. 2023ರ ಮೇ 29ರಂದು ಜಿಎಸ್‌ಎಲ್‌ವಿ ಮತ್ತೆ ಸರಿಯಾಗಿ ಹಾರಿತು, 2025ರ ಜುಲೈ 30ರಂದು ನಾಸಾ ಜೊತೆಗೂಡಿ ಮಾಡಿದ ನಿಸಾರ್ ಉಪಗ್ರಹವನ್ನೂ ಕಕ್ಷೆಗೆ ಮುಟ್ಟಿಸಿತು.

ನಿಮ್ಮ ಕೊನೆಯ ಪ್ರಶ್ನೆಗೆ: ಜಾಗ ಖಂಡಿತ ಇದೆ. ಮೇಲೆ ಹೇಳಿದ್ದರಲ್ಲಿ ಎಷ್ಟು ಪಾಲು ಭೌತಶಾಸ್ತ್ರ ಎಂದು ನೀವೇ ಎಣಿಸಿ. ಆರ್ಥೋ-ಪ್ಯಾರಾ ಪರಿವರ್ತನೆ, ಆವಿಯ ಪೊರೆ, ಕಡಿಮೆ ತಾಪಮಾನದಲ್ಲಿ ಲೋಹಗಳ ಗುಣ, ನಿರ್ವಾತ, ಸೋರಿಕೆ ಪತ್ತೆ ಎಲ್ಲವೂ ನಿಮ್ಮ ಪಠ್ಯದ ಮುಂದುವರಿಕೆಗಳೇ. ಎಂ.ಎಸ್ಸಿ.ಯಲ್ಲಿ ಕಡಿಮೆ ತಾಪಮಾನದ ಭೌತಶಾಸ್ತ್ರ ಅಥವಾ ವಸ್ತುವಿಜ್ಞಾನ ಆರಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮತ್ತು ಐಐಟಿ ಖರಗ್‌ಪುರದಲ್ಲಿ ಇದಕ್ಕೆಂದೇ ಕ್ರಯೋಜೆನಿಕ್ ಕೇಂದ್ರಗಳಿವೆ. ತಿರುವನಂತಪುರದ ವಲಿಯಮಲದಲ್ಲಿ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಈ ಎಂಜಿನ್‌ಗಳನ್ನು ರೂಪಿಸಿದ ದ್ರವ ನೋದನ ವ್ಯವಸ್ಥೆಗಳ ಕೇಂದ್ರ ಅದರ ನೆರೆಯಲ್ಲೇ. ಪುಸ್ತಕದ ಜೊತೆಗೆ ಕೈಕೆಲಸವನ್ನೂ ಕಲಿಯಿರಿ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಿರ್ವಾತ ಪಂಪ್ ಇದ್ದರೆ ಅದರ ಜೋಡಣೆಯಲ್ಲಿ ಸೋರಿಕೆ ಎಲ್ಲಿದೆ ಎಂದು ಹುಡುಕುವುದರಿಂದ ಶುರು ಮಾಡಬಹುದು, ಅದಕ್ಕೆ ನಿಮ್ಮ ಉಪನ್ಯಾಸಕರ ಅನುಮತಿ ಸಾಕು.